ನೆಲದಾಮೆಯನ್ನು ನೀರಿಗೆ ಬಿಟ್ಟ ಪುಣ್ಯವಂತರು

ಮಾನ್ಯ ಸಂಪಾದಕರೇ,

ಶಾಮಿಯಾನ ಹಾಕಿಸಿ, ಸಾಹೇಬರಿಂದ ರಿಬ್ಬನ್ ಕಟ್ ಮಾಡಿಸಿ, ಪುಣ್ಯಕ್ಕೆಂದು ಸ್ಟೇಷನ್ ಹಿಂದಿನ ಕೊಳಕ್ಕೆ ಬಿಟ್ಟ ನಾಲ್ಕು ಆಮೆ ಸತ್ತು ತೇಲಿದ ಬಗ್ಗೆ ನಿಮ್ಮ ವರದಿ ಓದಿದೆ. ಅಂದಿನಿಂದ ಗೇಟಿಗೆ ಬೀಗ. ಮೂಗು ಮುಚ್ಚಿಕೊಂಡು ಸುತ್ತುಬಳಸಿ ಹೋಗುವಷ್ಟರಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹೊರಟಿರುತ್ತದೆ. ಕೊಳದ ನೀರು ಕೆಟ್ಟಿರಬಹುದು, ಮಾದರಿ ಕಳಿಸಿದ್ದೇವೆ ಎಂದಿದ್ದಾರೆ ಸಾಹೇಬರು.

ಮಾದರಿ ಯಾಕೆ ಸ್ವಾಮಿ, ನೀವು ಹಾಕಿದ ಫೋಟೊ ಸಾಲದೇ? ಗುಮ್ಮಟದಂಥ ಚಿಪ್ಪು, ಮೇಲೆ ಹಳದಿ ನಕ್ಷತ್ರ, ಆನೆಕಾಲಿನಂಥ ಮೋಟು ಕಾಲು, ಬೆರಳ ನಡುವೆ ಪೊರೆ ಇಲ್ಲ. ಅದು ನಕ್ಷತ್ರ ಆಮೆ, ಕುರುಚಲು ಕಾಡಿನ ನೆಲದ ಪ್ರಾಣಿ. ಈಜು ಬಾರದು. ಆಳಕ್ಕೆ ಬಿಟ್ಟರೆ ಕಾಲು ಬಡಿದು ದಣಿದು, ಶ್ವಾಸಕೋಶಕ್ಕೆ ನೀರು ಹೊಕ್ಕು ಮುಳುಗುತ್ತದೆ. ನೆಲದ್ದು, ನೀರಿನದು ಎರಡಕ್ಕೂ ಕನ್ನಡದಲ್ಲಿ ಆಮೆ, ಮರಾಠಿಯಲ್ಲಿ ಎರಡಕ್ಕೂ ಕಾಸವ. ಜನ ಎಡವಿದರೆ ಒಪ್ಪೋಣ. ಮಂದರ ಪರ್ವತ ಹೊತ್ತ ಕೂರ್ಮನಿಗೆ ಈ ಕೊಳ ಯಾವ ಲೆಕ್ಕ ಎಂದುಕೊಂಡರೇನೋ ಶಾಮಿಯಾನ ಹಾಕಿಸಿದವರು!

ನೆಲದಾಮೆಗೆ ಬೇಕಾದ ನೀರು ಒಂದು ಗಿಡ್ಡ ಅಂಚಿನ ತಟ್ಟೆಯಷ್ಟು. ನೆನೆಸುವುದಾದರೆ ಉಗುರುಬೆಚ್ಚಗಿನ ನೀರು, ಗದ್ದಕ್ಕಿಂತ ಕೆಳಗೆ, 15-20 ನಿಮಿಷ. ಆಳದ ಬೋಗುಣಿಯಲ್ಲಿ ಮಗುಚಿಬಿದ್ದರೂ ಸಾಯುತ್ತದೆ. ಮುಳುಗಿದ್ದನ್ನು ಎತ್ತಿದಾಗ ಅಲ್ಲಾಡದಿದ್ದರೂ ಸತ್ತಿತೆನ್ನಬಾರದು. ದವಡೆಯ ಹಿಂದೆ ಹಿಡಿದು ಕತ್ತನ್ನು ಮೆಲ್ಲಗೆ ಹೊರಗೆಳೆದು, ತಲೆ ಕೆಳಗೆ ಮಾಡಿ ನೀರಿಳಿಸಬೇಕು. ಮುಂಗಾಲುಗಳನ್ನು ಒಳಗೆ ಹೊರಗೆ ಆಡಿಸಬೇಕು. ಪಕ್ಕೆಲುಬು ಚಿಪ್ಪಿಗೇ ಬೆಸೆದಿರುವುದರಿಂದ ಅದರ ಎದೆ ಹಿಗ್ಗುವುದಿಲ್ಲ, ಸ್ನಾಯುಗಳ ಎಳೆತದಿಂದಲೇ ಉಸಿರು. ಬದುಕಿದರೂ ಅಂದೇ ಪಶುವೈದ್ಯರ ಬಳಿ ಒಯ್ಯಬೇಕು. ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯ್ದೆರೆದು ಉಸಿರೆಳೆದರೆ ನ್ಯುಮೋನಿಯಾದ ಭಯ. ಇಲ್ಲೋ, ಗೋಣಿಚೀಲ, ಕಸದ ಗಾಡಿ, ಮುಗಿಯಿತು.

‘ಲಕ್ಕಿ’ ಎಂದು ಅಂಗಡಿಯಲ್ಲಿ ಮಾರುವ, ಕಣ್ಣ ಹಿಂದೆ ಕೆಂಪು ಪಟ್ಟೆಯ ರೆಡ್ ಇಯರ್ಡ್ ಸ್ಲೈಡರ್ ಎಂಬ ನೀರಾಮೆ ಈಜುತ್ತದೆ, ನಿಜ. ಅದಕ್ಕೂ ಬಿಸಿಲು ಕಾಯಲು ಮೇಲೆ ಹತ್ತಬೇಕು. ನಮ್ಮ ಕೊಳಕ್ಕೆ ಸುತ್ತ ನೆಟ್ಟನೆಯ ಸಿಮೆಂಟು ಗೋಡೆ. ಮೇಲಾಗಿ ಅದು ಅಮೆರಿಕದ್ದು, ಇಲ್ಲಿನ ಆಮೆಗಳ ಆಹಾರ, ಜಾಗ ಕಸಿಯುವಂಥದ್ದು. ನಾಣ್ಯದಷ್ಟಿದ್ದುದು ಊಟದ ತಟ್ಟೆಯಷ್ಟಾದಾಗ ಬಕೆಟ್ಟಿನಲ್ಲಿ ತಂದು ಸುರಿಯುತ್ತಾರೆ. ಕೇಳುವವರಿಲ್ಲ.

ಇನ್ನು, ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದೇ 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ. 2022ರ ತಿದ್ದುಪಡಿಯಲ್ಲಿ ಅದು ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಗೇ ಏರಿದೆ. ಅಂದಮೇಲೆ ಹಾರ ಹಾಕಿಸಿಕೊಂಡವರ ಕೈಗೆ ನಾಲ್ಕು ಹೇಗೆ ಬಂದವು? ಕೇಳಬೇಕಾದವರೇ ಪಕ್ಕದಲ್ಲಿ ನಿಂತು ನಗುತ್ತಿದ್ದಾರೆ, ಅದೇ ಫೋಟೊದಲ್ಲಿ. ಗಣಪತಿ ವಿಸರ್ಜನೆಯ ಪಿಒಪಿ ಹೂಳು ತೆಗೆಯಲು ಪುರುಸೊತ್ತಿಲ್ಲ, ಮೆಟ್ಟಿಲ ದೀಪ ಕೆಟ್ಟು ಎರಡು ಮಳೆಗಾಲ ಕಳೆದವು, ಫೋನಾಯಿಸಿದರೆ ‘ಅದು ನಮ್ಮ ಖಾತೆಯಲ್ಲ’. ರಿಬ್ಬನ್ ಮಾತ್ರ ಎಲ್ಲರ ಖಾತೆ.

ಅರಣ್ಯ ಇಲಾಖೆಯ 1926 ಸಹಾಯವಾಣಿ ಬರೆದ ಬೋರ್ಡಾದರೂ ಕೊಳದ ಬಳಿ ನಿಲ್ಲಿಸಲಿ, ಇಲ್ಲವೇ ಗೇಟಾದರೂ ತೆರೆಯಲಿ. ಎರಡೂ ಆಗದಿದ್ದರೆ ಸಾಹೇಬರು ಮುಂದಿನ ಸಲ ಕತ್ತರಿ ಹಿಡಿಯುವ ಮೊದಲು ಬಗ್ಗಿ ಆಮೆಯ ಕಾಲನ್ನಾದರೂ ನೋಡಲಿ.

ಒಬ್ಬ ಓದುಗ, ಮುಂಬಯಿ