ಅನಾನಸ್ ಜಾಮ್ ದನಕ್ಕೆ ಹಾಕಬೇಡಮ್ಮ

ಪರ್ಶೋರ್, ಇಂಗ್ಲೆಂಡ್
ಅಕ್ಟೋಬರ್

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಅಂತ ತಂಗಿ ಹೇಳಿದಳು, ಸಮಾಧಾನವಾಯಿತು.

ಮಳೆಗಾಲದಲ್ಲಿ ಮಾಡಿದ ಅನಾನಸ್ ಜಾಮ್ ಕಪಾಟು ತುಂಬಾ ಉಳಿದಿದೆ, ಬ್ರೆಡ್ ತಿನ್ನುವವರು ಯಾರೂ ಇಲ್ಲ, ದನಕ್ಕೆ ಹಾಕಲಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಬೇಡಮ್ಮ. ಬ್ರೆಡ್ ಮಾತು ಬಿಡು. ಬೆಲ್ಲ, ಹುಳಿ ಎರಡೂ ಒಟ್ಟಿಗೆ ಇರುವ ಸಾಮಾನು ಅಂದುಕೊಂಡು ಅಡುಗೆಗೆ ಹಾಕು.

ಈ ಊರು ಪ್ಲಮ್ ಹಣ್ಣಿಗೆ ಹೆಸರುವಾಸಿ. ಆಗಸ್ಟ್ ಬಂದರೆ ಹಳದಿ ಪ್ಲಮ್ ಕೊಂಬೆ ಬಾಗುವಷ್ಟು ಬಿಡುತ್ತದೆ. ಹಾಗೇ ತಿನ್ನುವುದಕ್ಕಿಂತ ಜಾಮಿಗೇ ಅದು ಒಳ್ಳೆಯದು. ಕೆಲವರು ಗೇಟಿನ ಹತ್ತಿರ ಜಾಮ್ ಬಾಟಲಿ ಇಟ್ಟು, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ ಇಡುತ್ತಾರೆ. ಬೇಕಾದವರು ದುಡ್ಡು ಹಾಕಿ ಒಯ್ಯುತ್ತಾರೆ, ಕಾಯುವವರು ಇಲ್ಲ. 1940ರಲ್ಲಿ, ಯುದ್ಧದ ಹೊತ್ತಿಗೆ, ಸಕ್ಕರೆಗೆ ರೇಷನ್ ಇದ್ದರೂ ಸರ್ಕಾರ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಹೆಂಗಸರ ಸಂಘಕ್ಕೆ ಜಾಮ್ ಮಾಡಲೆಂದೇ ಸಕ್ಕರೆ ಕೊಟ್ಟಿತ್ತು, ಹಣ್ಣು ಹಾಳಾಗಬಾರದು ಅಂತ. ಇಲ್ಲಿನ ಅಜ್ಜಿಯರಿಗೆ ಆ ಕಾಳಜಿ ಇನ್ನೂ ಇದೆ. ನನಗೆ ಅದು ತುಂಬಾ ಇಷ್ಟ.

ಪಕ್ಕದ ಮನೆಯ ಅಜ್ಜಿ ಮೈದಾ ಲಟ್ಟಿಸಿ, ಜಾಮ್ ಹಚ್ಚಿ, ಚಾಪೆಯ ಹಾಗೆ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ರೋಲಿ ಪೋಲಿ ಅಂತ ಹೆಸರು. ಹಿಟ್ಟಿಗೆ ದನದ ಕೊಬ್ಬು ಹಾಕುವುದು ಇಲ್ಲಿನ ಕ್ರಮ, ನನಗಾಗಿ ಬೆಣ್ಣೆ ಹಾಕುತ್ತಾರೆ. ನೀನು ಅರಿಶಿನ ಎಲೆ ಕಡುಬಿಗೆ ಬೆಲ್ಲದ ಬದಲು ಅನಾನಸ್ ಜಾಮ್, ತೆಂಗಿನತುರಿ ಕಲಸಿ ತುಂಬಿಸು. ಜಾಮ್ ಸ್ವಲ್ಪವೇ ಸಾಕು, ಜಾಸ್ತಿಯಾದರೆ ಕರಗಿ ಹೊರಗೆ ಹರಿಯುತ್ತದೆ.

ನಮ್ಮ ಮನೆಯಲ್ಲಿ ಜಾಮ್ ಖಾಲಿಯಾಗುವುದು ಮೆಣಸ್ಕಾಯಿಗೆ, ಅದೇ ಹಾಗಲಕಾಯಿಯ ಸಿಹಿ-ಹುಳಿ-ಖಾರದ ಗೊಜ್ಜಿಗೆ. ಬರ್ಮಿಂಗ್‌ಹ್ಯಾಮಿಗೆ ಹೋದಾಗ ಹಾಗಲಕಾಯಿ ತರುತ್ತೇನೆ. ಉದ್ದಿನಬೇಳೆ, ಎಳ್ಳು, ಒಣಮೆಣಸು ಹುರಿದು ತೆಂಗಿನಕಾಯಿ ಜೊತೆ ರುಬ್ಬುವುದು ನಿನ್ನ ಕ್ರಮವೇ. ಬೆಲ್ಲ ಬಿಟ್ಟು ಪ್ಲಮ್ ಜಾಮ್ ಹಾಕುತ್ತೇನೆ, ಹುಣಸೆ ಅರ್ಧ ಸಾಕು. ಕಹಿಯ ಮೇಲೆ ಪ್ಲಮ್ಮಿನ ಹುಳಿ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಮಸಾಲೆ ಕುದಿದ ಮೇಲೆ, ಕೊನೆಗೆ ಜಾಮ್ ಹಾಕು. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ನಿನ್ನ ಅನಾನಸ್ ಜಾಮಿನಲ್ಲಿ ಸಿಹಿ ಮುಂದು, ಹಾಗಾಗಿ ಹುಣಸೆ ಕಡಿಮೆ ಮಾಡಬೇಡ.

ಸಕ್ಕರೆ ಹರಳುಗಟ್ಟಿದ್ದರೆ ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡು, ಕರಗುತ್ತದೆ. ತೆಳ್ಳಗಾಗಿದ್ದರೆ ಲಿಂಬೆ, ಏಲಕ್ಕಿ ಹಾಕಿ ಶರಬತ್ತು ಮಾಡು. ಬೂಸ್ಟು ಬಂದಿದ್ದರೆ ಮಾತ್ರ ಮೇಲಿನದಷ್ಟೇ ತೆಗೆದು ಉಳಿದದ್ದು ತಿನ್ನಬೇಡಿ. ಬಾಟಲಿ ಪೂರಾ ಚೆಲ್ಲಿಬಿಡು.

ಹಳೇ ಬಾಟಲಿ ಮೊದಲು ತೆಗೆ. ದೀಪಾವಳಿಗೆ ತಂಗಿಯ ಮಕ್ಕಳು ಬರುತ್ತಾರಲ್ವಾ, ಕಡುಬು ಆಗ ಮಾಡು. ಮೆಣಸ್ಕಾಯಿ ತಿಂದು ಅಪ್ಪ ಏನಂದರು ಅಂತ ತಪ್ಪದೆ ಹೇಳು.

ನಿನ್ನ ಪ್ರೀತಿಯ ಮಗಳು