ಕೆಟ್ಟ ಲೈನಿಗೆ ಬಾಡಿಗೆ, ವಕೀಲರಿಗೆ ವರ್ಷವರ್ಷದ ಲೈಸೆನ್ಸ್: ಟೆಲಿಫೋನ್ ಕಂಪನಿಗೆ ಒಂದು ದೂರು ಪತ್ರ

ಇವರಿಂದ:
ನಿಮ್ಮ ಚಂದಾದಾರಳು, ವೃತ್ತಿಯಲ್ಲಿ ವಕೀಲೆ
ಶಿರಸಿ, ಉತ್ತರ ಕನ್ನಡ ಜಿಲ್ಲೆ

ಇವರಿಗೆ:
ಮೇಲ್ಮನವಿ ಅಧಿಕಾರಿಗಳು
ಗ್ರಾಹಕರ ದೂರು ವಿಭಾಗ, ಬೆಂಗಳೂರು

ವಿಷಯ: ಕೆಟ್ಟು ನಿಂತ ಲೈನಿಗೆ ಪೂರ್ತಿ ಬಾಡಿಗೆ ಹಾಕಿದ್ದು, ವಕೀಲೆ ಎಂಬ ಕಾರಣಕ್ಕೆ ಹೆಚ್ಚುವರಿ ಠೇವಣಿ ಕೇಳಿದ್ದು ಮತ್ತು 1885ರ ಕಾನೂನು ತೋರಿಸಿ ಗ್ರಾಹಕ ಆಯೋಗಕ್ಕೆ ಹೋಗಬೇಡಿ ಎಂದದ್ದರ ಬಗ್ಗೆ.

ಮಾನ್ಯರೇ,

ನನ್ನ ಆಫೀಸಿನ ಲ್ಯಾಂಡ್‌ಲೈನ್ ಮತ್ತು ಅದರ ಜೊತೆಗಿನ ಇಂಟರ್‌ನೆಟ್ ಜುಲೈ ಮಳೆಗೆ ಡೆಡ್ ಆಯಿತು. ಸರಿಯಾಗಿದ್ದು ಆಗಸ್ಟ್ ಕೊನೆಗೆ. ನಡುವೆ ಒಂದು ದಿನವೂ ಡಯಲ್ ಟೋನ್ ಬರಲಿಲ್ಲ. ಆದರೂ ಎರಡೂ ತಿಂಗಳ ಬಿಲ್ಲಿನಲ್ಲಿ ಬಾಡಿಗೆ ಪೂರ್ತಿಯಾಗಿ ಬಂದಿದೆ. ಲೈನ್ ಕೆಟ್ಟ ದಿನವೇ ದೂರು ಕೊಟ್ಟಿದ್ದೆ. ಅದರ ಡಾಕೆಟ್ ನಂಬರ್, ಬಿಲ್ಲುಗಳ ಪ್ರತಿ, ನಿಮ್ಮಿಂದ ಬಂದ ಎರಡು ಪತ್ರಗಳ ಪ್ರತಿ ಎಲ್ಲವನ್ನೂ ಇದರ ಜೊತೆ ಇಟ್ಟಿದ್ದೇನೆ.

ಮೊದಲು ಒಂದು ಮಾತು. ನಮ್ಮ ಭಾಗದ ಲೈನ್‌ಮನ್ ಮೇಲೆ ನನ್ನ ದೂರಿಲ್ಲ. ಆ ಮಳೆಯಲ್ಲಿ ಮರ ಬಿದ್ದ ಕಡೆಯೆಲ್ಲ ಒಬ್ಬರೇ ಓಡಾಡುತ್ತಿದ್ದರು. ಕೇಬಲ್ ಬದಲಿಸಬೇಕು, ಮೇಲಿನಿಂದ ಸಾಮಾನು ಬಂದಿಲ್ಲ ಎಂದು ನೇರವಾಗಿ ಹೇಳಿದರು. ಸಾಮಾನು ಕಳಿಸಬೇಕಾದವರು ನೀವು. ದಯವಿಟ್ಟು ಈ ಪತ್ರದ ಬಿಸಿಯನ್ನು ಅವರ ಮೇಲೆ ಹಾಕಬೇಡಿ.

ಲ್ಯಾಂಡ್‌ಲೈನ್ ಇಲ್ಲದಿದ್ದರೆ ಏನಾಗುತ್ತದೆ, ಮೊಬೈಲ್ ಇದೆ ಅಲ್ವಾ ಎಂದು ನಿಮ್ಮ ಕಸ್ಟಮರ್ ಕೇರ್‌ನವರು ಕೇಳಿದರು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬೇಕು. ಕರೆಂಟ್ ಹೋದರೆ ಟವರೂ ಸುಮ್ಮನಾಗುತ್ತದೆ. ನನ್ನ ಕಕ್ಷಿದಾರರಲ್ಲಿ ಜಾಸ್ತಿ ಜನ ಅಡಿಕೆ ತೋಟದ ಸಣ್ಣ ಹಿಡುವಳಿದಾರರು, ವಯಸ್ಸಾದವರು. ಅವರ ಡೈರಿಯಲ್ಲಿ ಬರೆದಿರುವುದು ಆಫೀಸಿನ ಹಳೇ ನಂಬರ್. ಪಾಲಿನ ಕೇಸಿನ ಒಬ್ಬ ಅಜ್ಜಿ ಮುಂದಿನ ತಾರೀಕು ಯಾವಾಗ ಎಂದು ಕೇಳಲು ಎಷ್ಟೋ ಸಲ ಫೋನ್ ಮಾಡಿ ಸೋತು, ಕೊನೆಗೆ ಮಳೆಯಲ್ಲಿ ಬಸ್ಸು ಹತ್ತಿ ಬಂದರು. ಆ ಹೊತ್ತಿಗೆ ಅವರ ಸಾಕ್ಷಿಯ ದಿನ ಕಳೆದುಹೋಗಿತ್ತು. ಇನ್ನೊಂದು ತಾರೀಕು ಸಿಕ್ಕಿತು ನಿಜ. ಆದರೆ ಎದುರಿನವರಿಗೆ ಖರ್ಚು ಕಟ್ಟಿಕೊಡಬೇಕೆಂದು ಕೋರ್ಟ್ ಹೇಳಿತು, ಆ ದುಡ್ಡು ಹೋದದ್ದು ಆ ಅಜ್ಜಿಯ ಕೈಯಿಂದ. ನಮ್ಮ ಜಿಲ್ಲೆಯ ಹೈಕೋರ್ಟ್ ಕೇಸುಗಳು ನಡೆಯುವುದು ಧಾರವಾಡ ಪೀಠದಲ್ಲಿ. ಇಲ್ಲಿಂದಲೇ ವಿಡಿಯೋ ಮೂಲಕ ಹಾಜರಾಗುವ ಅನುಕೂಲ ಇರುವಾಗ, ನಿಮ್ಮ ಲೈನ್ ಸತ್ತಿದ್ದರಿಂದ ಕಾರು ಮಾಡಿಕೊಂಡು ಹೋಗಬೇಕಾಯಿತು.

ಬಾಡಿಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಇದರಲ್ಲಿ ವಾದಕ್ಕೇ ಜಾಗವಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2009ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮದಲ್ಲೇ ಲೆಕ್ಕ ಬರೆದಿತ್ತು. ಲ್ಯಾಂಡ್‌ಲೈನ್ ಕೆಟ್ಟು 3 ದಿನ ದಾಟಿದರೆ 7 ದಿನದ ಬಾಡಿಗೆ ಬಿಡಬೇಕು. 7 ದಾಟಿದರೆ 15 ದಿನದ್ದು. 15 ದಾಟಿದರೆ ಇಡೀ ತಿಂಗಳಿನದು. ಕೆಟ್ಟ ಲೈನಿಗೆ ಬಾಡಿಗೆ ಕೇಳಬಾರದು ಎಂಬುದು ನಿಮ್ಮ ಉದ್ಯಮಕ್ಕೆ ಅಷ್ಟು ಹಳೆಯ ಮಾತು. ಗ್ರಾಹಕರು ಕೇಳಿದರೆ ಮಾತ್ರ ಕೊಡುವುದು, ಕೇಳದವರದ್ದು ಇಟ್ಟುಕೊಳ್ಳುವುದು ಎಂಬ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಿ. ನಮ್ಮ ಬೀದಿಯಲ್ಲಿ ನನ್ನ ಜೊತೆ ಲೈನ್ ಕಳೆದುಕೊಂಡ ಇತರರಿಗೂ ಪೂರ್ತಿ ಬಿಲ್ಲೇ ಬಂದಿದೆ.

ನನಗೆ ಹೆಚ್ಚು ನೋವಾದದ್ದು ನಿಮ್ಮ ಎರಡು ಪತ್ರಗಳಿಂದ.

ಮೊದಲ ಪತ್ರ ಬಂದದ್ದು ನಾನು ಬಾಡಿಗೆ ವಾಪಸು ಕೇಳಿದ ಮೇಲೆ. ನಾನು ವೃತ್ತಿಪರರ ವರ್ಗಕ್ಕೆ ಸೇರಿದ ಗ್ರಾಹಕಿಯಂತೆ. ಹಾಗಾಗಿ 3,000 ರೂಪಾಯಿ ಹೆಚ್ಚುವರಿ ಠೇವಣಿ ಕಟ್ಟಬೇಕು. ಜೊತೆಗೆ ಈ ವರ್ಷಕ್ಕೆ ನವೀಕರಿಸಿದ ವಕೀಲಿ ಲೈಸೆನ್ಸ್ ಪ್ರತಿ ಕೊಡಬೇಕು, ಇಲ್ಲದಿದ್ದರೆ ಸಂಪರ್ಕ ಕಡಿಯುತ್ತೇವೆ ಎಂದಿದ್ದೀರಿ.

ಸ್ವಾಮಿ, ವಕೀಲರಿಗೆ ವರ್ಷವರ್ಷ ನವೀಕರಿಸುವ ಲೈಸೆನ್ಸ್ ಎಂಬುದು ಇಲ್ಲ. ಇದ್ದದ್ದು ಬ್ರಿಟಿಷರ ಕಾಲದಲ್ಲಿ. 1879ರ ಲೀಗಲ್ ಪ್ರಾಕ್ಟಿಷನರ್ಸ್ ಆ್ಯಕ್ಟ್ ಪ್ರಕಾರ ಪ್ಲೀಡರ್, ಮುಖ್ತ್ಯಾರ್ ಎಂದು ವೃತ್ತಿಯವರನ್ನು ಬೇರೆ ಬೇರೆ ಮೆಟ್ಟಿಲಲ್ಲಿ ನಿಲ್ಲಿಸಿದ್ದರು. ಅವರು ಸ್ಟಾಂಪ್ ಕಾಗದದ ಮೇಲೆ ಸರ್ಟಿಫಿಕೇಟ್ ಪಡೆಯಬೇಕಿತ್ತು. ಅದರ ಆಯುಷ್ಯ ಆ ವರ್ಷದ ಕೊನೆಯವರೆಗೆ. ಮತ್ತೆ ದುಡ್ಡು ಕಟ್ಟಿ ಹೊಸದು ಮಾಡಿಸಿಕೊಳ್ಳಬೇಕು. ಆ ಕಾನೂನು ಮೊದಲು ಬಂದದ್ದು ಬಂಗಾಳ, ಪಂಜಾಬ್, ಅವಧ್, ಮಧ್ಯಪ್ರಾಂತ್ಯ, ಅಸ್ಸಾಂ ಕಡೆಗೆ. ನಮ್ಮ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದ್ದರಿಂದ ಇಲ್ಲಿಯ ವಕೀಲರಿಗೆ ಬಾಂಬೆಯದೇ 1827ರ ರೆಗ್ಯುಲೇಶನ್ ಇತ್ತು, ಆಮೇಲೆ 1920ರ ಬಾಂಬೆ ಪ್ಲೀಡರ್ಸ್ ಆ್ಯಕ್ಟ್ ಬಂತು. ಊರಿಗೊಂದು ನಿಯಮ, ಕೋರ್ಟಿಗೊಂದು ದರ್ಜೆ. ಯಾರು ವಾದ ಮಾಡಬಹುದು, ಯಾರು ಮಾಡಬಾರದು ಎಂಬುದು ಆಳುವವರ ಕೈಯಲ್ಲೇ ಇರಬೇಕು ಎಂಬುದಷ್ಟೇ ಎಲ್ಲದರ ಉದ್ದೇಶ.

ಆ ನಿಯಮಗಳನ್ನು ನಾನು ಹಗುರವಾಗಿ ಕಾಣಲಾರೆ. ಅವು ಜಾರಿಯಲ್ಲಿದ್ದ ಎಷ್ಟೋ ವರ್ಷ ನನ್ನಂಥ ಹೆಂಗಸಿಗೆ ವಕೀಲಿ ಸನ್ನದೇ ಸಿಗುತ್ತಿರಲಿಲ್ಲ. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ಪ್ಲೀಡರ್ ಆಗಲು ಅರ್ಜಿ ಹಾಕಿದರು. ಹೆಂಗಸರಿಗೆ ಅವಕಾಶವಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ವಾಪಸು ಕಳಿಸಿತು. 1921ರಲ್ಲಿ ಪಟ್ನಾದಲ್ಲಿ ಸುಧಾಂಶು ಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ. ಓದಿನಲ್ಲಿ ಕೊರತೆ ಇರಲಿಲ್ಲ, ಪರೀಕ್ಷೆಯಲ್ಲಿ ಕೊರತೆ ಇರಲಿಲ್ಲ. 1923ರಲ್ಲಿ ಬೇರೆ ಕಾನೂನು ಮಾಡಿದ ಮೇಲೆಯೇ ದೇಶದ ಎಲ್ಲೆಡೆ ಆ ಬಾಗಿಲು ತೆರೆದದ್ದು. ಲೈಸೆನ್ಸ್ ತೋರಿಸು, ಇಲ್ಲವಾದರೆ ನಿನಗೆ ಜಾಗವಿಲ್ಲ ಎಂಬ ಸಾಲನ್ನು ನಿಮ್ಮ ಪತ್ರದಲ್ಲಿ ಓದುವಾಗ ನನಗೆ ಇವರ ನೆನಪಾಯಿತು.

ಸ್ವಾತಂತ್ರ್ಯ ಬಂದ ಮೇಲೆ 1961ರ ವಕೀಲರ ಕಾನೂನು ಈ ಮೆಟ್ಟಿಲುಗಳನ್ನೆಲ್ಲ ತೆಗೆಯಿತು. ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ಒಮ್ಮೆ ಹೆಸರು ದಾಖಲಾದರೆ ನಾವು ವಕೀಲರು. ದಾಖಲಾತಿಗೆ ಎಷ್ಟು ದುಡ್ಡು ತೆಗೆದುಕೊಳ್ಳಬೇಕು ಎಂಬುದೂ ಕಾನೂನಿನಲ್ಲೇ ಇದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಹಲವು ಬಾರ್ ಕೌನ್ಸಿಲ್‌ಗಳು ಬೇರೆ ಬೇರೆ ಹೆಸರಿನಲ್ಲಿ ಸಾವಿರಗಟ್ಟಲೆ ಕೇಳುತ್ತಿದ್ದವು. ಕಾನೂನು ಹೇಳಿದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ನಮ್ಮದೇ ಕೌನ್ಸಿಲ್‌ಗೆ ಇಲ್ಲದ ಅಧಿಕಾರ ಟೆಲಿಫೋನ್ ಕಂಪನಿಗೆ ಎಲ್ಲಿಂದ ಬಂತು? ನಾನು ಸಂಪರ್ಕ ತೆಗೆದುಕೊಂಡಾಗ ಸಹಿ ಮಾಡಿದ ಅರ್ಜಿಯಲ್ಲಿ ವೃತ್ತಿಪರ ವರ್ಗ ಎಂಬ ಕಾಲಮ್ಮೇ ಇಲ್ಲ. ನೀವು ಪ್ರಕಟಿಸಿರುವ ದರಪಟ್ಟಿಯಲ್ಲೂ ಆ ಠೇವಣಿ ಇಲ್ಲ. ಇದ್ದರೆ ಯಾವ ಪುಟ ಎಂದು ತೋರಿಸಿ. ಇಲ್ಲದಿದ್ದರೆ ಆ ಪತ್ರ ವಾಪಸು ತೆಗೆದುಕೊಳ್ಳಿ. 1879ರ ಆ ಕಾನೂನನ್ನು ಸಂಸತ್ತು 2023ರ ತಿದ್ದುಪಡಿಯಲ್ಲಿ ರದ್ದು ಮಾಡಲು ತೀರ್ಮಾನಿಸಿಯೂ ಆಗಿದೆ.

ಇನ್ನು ಎರಡನೇ ಪತ್ರ. ಬಾಡಿಗೆ ಕೊಡದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ನಾನು ಬರೆದಿದ್ದೆ. ಅದಕ್ಕೆ ನೀವು, 1885ರ ಭಾರತೀಯ ಟೆಲಿಗ್ರಾಫ್ ಕಾನೂನಿನ 7ಬಿ ಸೆಕ್ಷನ್ ಪ್ರಕಾರ ಬಿಲ್ಲಿನ ತಕರಾರು ಮಧ್ಯಸ್ಥಗಾರರ ಮುಂದೆ ಮಾತ್ರ ಹೋಗಬೇಕು, ಗ್ರಾಹಕ ಆಯೋಗ ಅದನ್ನು ಕೇಳುವಂತಿಲ್ಲ ಎಂದು ಉತ್ತರಿಸಿದ್ದೀರಿ. ಕೆಳಗೆ ಸಹಿ ಇಲ್ಲ. ಅಂದರೆ ಇದು ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ ಎಂದು ತಿಳಿಯುತ್ತೇನೆ. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ದೇಶಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ತಂದದ್ದು ಖಾಸಗಿ ಕಂಪನಿಯೇ. ಸರ್ಕಾರದ ಅನುಮತಿ ಪಡೆದು ಓರಿಯಂಟಲ್ ಟೆಲಿಫೋನ್ ಕಂಪನಿ 1882ರ ಜನವರಿ 28ರಂದು ಕಲ್ಕತ್ತಾ, ಬಾಂಬೆ, ಮದರಾಸಿನಲ್ಲಿ ಸೇವೆ ಶುರು ಮಾಡಿತು. ಕಲ್ಕತ್ತಾದಲ್ಲಿ ಆಗ ಚಂದಾದಾರರು 93 ಮಂದಿ. ಮೂರು ವರ್ಷದ ನಂತರ ಬಂದ 1885ರ ಕಾನೂನು, ತಂತಿಯ ಮೇಲಿನ ಎಲ್ಲ ಹಕ್ಕೂ ಸರ್ಕಾರದ್ದು, ಬೇರೆಯವರು ನಡೆಸಬೇಕಾದರೆ ಲೈಸೆನ್ಸ್ ಬೇಕು ಎಂದಿತು. ದರ ಗೊತ್ತು ಮಾಡುವ ನಿಯಮವನ್ನೂ ಸರ್ಕಾರವೇ ಬರೆಯುತ್ತಿತ್ತು. ಅದೇ ಕಾನೂನಿನ 9ನೇ ಸೆಕ್ಷನ್ ನೋಡಿ. ನೌಕರರ ತಪ್ಪಿನಿಂದ ಸಂದೇಶ ತಲುಪದೆ ಯಾರಿಗೆ ನಷ್ಟವಾದರೂ ಸರ್ಕಾರ ಹೊಣೆಯಲ್ಲ ಎಂದು ಬರೆದುಕೊಂಡಿದ್ದರು. ಹಣ ತೆಗೆದುಕೊಳ್ಳುವ ಹಕ್ಕು ಪೂರ್ತಿ, ಹೊಣೆ ಇಲ್ಲವೇ ಇಲ್ಲ. ಪರದೇಶದ ಸರ್ಕಾರ ತನ್ನ ಪ್ರಜೆಗಳಿಗೆ ಬರೆದ ಕಾನೂನು ಅದು. ನೀವು ನನ್ನನ್ನು ಆಳುವವರಲ್ಲ. ನಿಮಗೆ ದುಡ್ಡು ಕೊಟ್ಟು ಸೇವೆ ಪಡೆಯುವ ಗ್ರಾಹಕಿ ನಾನು.

ನೀವು ತೋರಿಸಿದ 7ಬಿ ಬ್ರಿಟಿಷರು ಬರೆದದ್ದೂ ಅಲ್ಲ. 1957ರಲ್ಲಿ, ಫೋನು ಪೂರ್ತಿ ಸರ್ಕಾರದ ಇಲಾಖೆಯ ಕೈಯಲ್ಲಿದ್ದಾಗ ಸೇರಿಸಿದ್ದು. ಮಧ್ಯಸ್ಥಗಾರರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. 2009ರಲ್ಲಿ ಕೇರಳದ ಎಂ. ಕೃಷ್ಣನ್ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಹಿಡಿದು, ಫೋನ್ ಬಿಲ್ಲಿನ ತಕರಾರು ಗ್ರಾಹಕ ವೇದಿಕೆಗೆ (ಈಗಿನ ಗ್ರಾಹಕ ಆಯೋಗದ ಹಳೇ ಹೆಸರು) ಬರುವುದಿಲ್ಲ ಎಂದದ್ದು ನಿಜ. ಆ ಒಂದು ತೀರ್ಪಿನಿಂದ ಎಷ್ಟೋ ಜನರ ದೂರುಗಳು ಬಾಗಿಲಲ್ಲೇ ಬಿದ್ದುಹೋದವು. ನನ್ನ ಹಿರಿಯ ಸಹೋದ್ಯೋಗಿಗಳು ಇಂಥ ದೂರು ಹಿಡಿದು ಬಂದವರನ್ನು ಬೇಸರದಿಂದಲೇ ವಾಪಸು ಕಳಿಸುತ್ತಿದ್ದರು.

ಆದರೆ ಕಾನೂನು ಅಲ್ಲಿಗೇ ನಿಲ್ಲಲಿಲ್ಲ. ಗುಜರಾತಿನ ಅಜಯ್ ಕುಮಾರ್ ಅಗರ್‌ವಾಲ್ ಎಂಬ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ 2013ರ ಕೊನೆಯಲ್ಲಿ ಒಮ್ಮೆಗೇ 24,609 ರೂಪಾಯಿ 51 ಪೈಸೆ ಬಂತು. ಅವರು ಗ್ರಾಹಕ ವೇದಿಕೆಗೆ ಹೋದರು. ಕಂಪನಿ ನೀವು ಈಗ ಹೇಳುತ್ತಿರುವ ಮಾತನ್ನೇ ಅಲ್ಲಿ ಹೇಳಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರ ಫೆಬ್ರವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ತಳ್ಳಿಹಾಕಿತು. 1885ರ ಕಾನೂನಿನಲ್ಲಿ ಮಧ್ಯಸ್ಥಿಕೆ ಇದೆ ಎಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಎರಡರಲ್ಲಿ ಯಾವುದು ಬೇಕೋ ಅದನ್ನು ಆರಿಸುವುದು ಗ್ರಾಹಕರಿಗೆ ಬಿಟ್ಟದ್ದು ಎಂದಿತು. 2009ರ ಮಾತು ಅಲ್ಲಿಗೆ ಮುಗಿಯಿತು. 2019ರ ಗ್ರಾಹಕ ರಕ್ಷಣಾ ಕಾನೂನಂತೂ ಸೇವೆಗಳ ಪಟ್ಟಿಯಲ್ಲಿ ಟೆಲಿಕಾಂ ಎಂದು ಹೆಸರಿಟ್ಟೇ ಬರೆದಿದೆ. 1885ರ ಕಾನೂನಿನ ಜಾಗಕ್ಕೆಂದು ಮಾಡಿದ 2023ರ ದೂರಸಂಪರ್ಕ ಕಾನೂನಿನ 30ನೇ ಸೆಕ್ಷನ್ ಕೂಡ, ಗ್ರಾಹಕ ಕಾನೂನಿನಡಿ ಪರಿಹಾರ ಕೇಳುವ ಹಕ್ಕಿಗೆ ತೊಂದರೆ ಇಲ್ಲ ಎನ್ನುತ್ತದೆ. ಆ ಸೆಕ್ಷನ್ 2024ರ ಜೂನ್ 26ರಿಂದ ಜಾರಿಯಲ್ಲಿದೆ.

ಇದೆಲ್ಲ ನಿಮ್ಮ ಕಾನೂನು ವಿಭಾಗಕ್ಕೆ ಗೊತ್ತಿಲ್ಲ ಎಂದು ನಂಬಲು ನನಗೆ ಆಗುತ್ತಿಲ್ಲ. ಗೊತ್ತಿದ್ದೂ ಗ್ರಾಹಕರಿಗೆ ಆ ಸಾಲು ಕಳಿಸುತ್ತಿದ್ದರೆ ಅದು ದೊಡ್ಡ ತಪ್ಪು. ನಾನು ವಕೀಲೆ, ಪುಸ್ತಕ ತೆಗೆದು ನೋಡಿದೆ. ನನ್ನ ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ ಅದೇ ಪತ್ರ ಬಂದರೆ? ಸೆಕ್ಷನ್ ನಂಬರ್ ನೋಡಿದ ಕೂಡಲೇ ಹೆದರಿ, ಸರ್ಕಾರದ ಕಾನೂನೇ ಹೀಗಿದೆಯಂತೆ ಎಂದು ಬಿಲ್ ಕಟ್ಟಿ ಸುಮ್ಮನಾಗುತ್ತಾರೆ. ಅವರ ದುಡ್ಡೂ ಬೆವರಿನದೇ.

ಆದ್ದರಿಂದ ನಾನು ಕೇಳುವುದು ಇಷ್ಟು. ಲೈನ್ ಕೆಟ್ಟಿದ್ದ ಅವಧಿಯ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಿರಿ, ನಮ್ಮ ಬೀದಿಯ ಉಳಿದ ಚಂದಾದಾರರಿಗೂ ಅವರು ಕೇಳುವ ಮೊದಲೇ ಕಳೆಯಿರಿ. ಹೆಚ್ಚುವರಿ ಠೇವಣಿಯ ಬೇಡಿಕೆ, ಲೈಸೆನ್ಸ್ ಪ್ರತಿಯ ಬೇಡಿಕೆ, ಸಂಪರ್ಕ ಕಡಿಯುವ ಎಚ್ಚರಿಕೆ ಮೂರನ್ನೂ ಬರವಣಿಗೆಯಲ್ಲಿ ಹಿಂತೆಗೆದುಕೊಳ್ಳಿ. ನಿಮ್ಮ ಸಿದ್ಧ ಉತ್ತರದಿಂದ 7ಬಿ ಸೆಕ್ಷನ್‌ನ ಆ ಸಾಲನ್ನು ತೆಗೆಯಿರಿ. ಈಗಾಗಲೇ ಅದನ್ನು ಪಡೆದ ಗ್ರಾಹಕರಿಗೆ, ನೀವು ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಕನ್ನಡದಲ್ಲಿ ತಿಳಿಸಿ. ಮಳೆಗಾಲಕ್ಕೆ ಮೊದಲೇ ಶಿರಸಿಗೆ ಬೇಕಾದ ಕೇಬಲ್ ಮತ್ತು ಕೆಲಸದವರನ್ನು ಕೊಡಿ.

ಟ್ರಾಯ್‌ನ 2012ರ ದೂರು ನಿಯಮದಂತೆ ಇದನ್ನು ಮೇಲ್ಮನವಿ ಎಂದು ದಾಖಲಿಸಿ, 39 ದಿನದೊಳಗೆ ತೀರ್ಮಾನ ಕೊಡಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ ಎಂದು ನನಗೆ ಗೊತ್ತು. ಹಾಗಾಗಿ ನಿಮ್ಮ ಉತ್ತರ ಬಾರದಿದ್ದರೆ ಅಥವಾ ಸರಿಯಾಗಿಲ್ಲದಿದ್ದರೆ, ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನು ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾನೂನು ಅವಕಾಶ ಕೊಟ್ಟಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಆ ಅಜ್ಜಿ ಕಟ್ಟಿದ ಖರ್ಚನ್ನೂ ಪರಿಹಾರದಲ್ಲಿ ಸೇರಿಸಿ ಕೇಳುತ್ತೇನೆ.

ಇಂತಿ,
ನಿಮ್ಮ ಚಂದಾದಾರಳು
ಶಿರಸಿ

ಲಗತ್ತು: ಎರಡು ತಿಂಗಳ ಬಿಲ್ ಪ್ರತಿಗಳು, ದೂರಿನ ಡಾಕೆಟ್ ನಂಬರ್ ಬಂದ ಸಂದೇಶದ ಪ್ರತಿ, ನಿಮ್ಮ ಎರಡು ಪತ್ರಗಳ ಪ್ರತಿ, ಸಂಪರ್ಕದ ಮೂಲ ಅರ್ಜಿಯ ಪ್ರತಿ.