ಇಸಿಜಿ ರೂಮಿನ ಬೀಗ ತೆಗೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ಎಂಟು ತಿಂಗಳಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಎರಡು, ಜನಸ್ಪಂದನದಲ್ಲಿ ಒಂದು. ‘ಸೂಕ್ತ ಕ್ರಮಕ್ಕೆ ರವಾನಿಸಲಾಗಿದೆ’ ಅಂತ ಒಂದು ಸಾಲಿನ ಉತ್ತರ ಬಂತು. ರವಾನೆಯಾದದ್ದು ಇನ್ನೂ ದಾರಿಯಲ್ಲೇ ಇರಬೇಕು. ನಾನು ಕೇಳುವುದು ಒಂದೇ: ತಾಲ್ಲೂಕು ಆಸ್ಪತ್ರೆಯ ಇಸಿಜಿ ಮೆಷಿನ್ ರಾತ್ರಿಯೂ ಕೈಗೆ ಸಿಗುವ ಹಾಗೆ ಮಾಡಿಸಿ.

ಆವತ್ತು ರಾತ್ರಿ ಎರಡೂವರೆಗೆ ಅಪ್ಪ ಎದ್ದು ಕೂತರು. ಎದೆ ಮೇಲೆ ಅಡಿಕೆ ಮೂಟೆ ಇಟ್ಟ ಹಾಗಾಗ್ತಿದೆ ಅಂದರು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು, ಕೈಕಾಲು ತಣ್ಣಗೆ. ಪಕ್ಕದ ಮನೆಯವರ ಓಮ್ನಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ. ಡ್ಯೂಟಿಯಲ್ಲಿದ್ದ ನರ್ಸಮ್ಮ ಬಿಪಿ ನೋಡಿದರು, ಮೇಲಿನದು 84, ತೀರಾ ಕಡಿಮೆ. “ಗ್ಯಾಸ್ಟ್ರಿಕ್ ಇರ್ಬೇಕು. ರಾತ್ರಿ ಏನು ಊಟ ಮಾಡಿದ್ರು?” ಮುದ್ದೆ, ಹುರುಳಿ ಸಾರು ಅಂದೆ. ಅಷ್ಟಕ್ಕೇ ರೋಗ ಪತ್ತೆಯಾಯಿತು. ಗ್ಯಾಸಿನ ಇಂಜೆಕ್ಷನ್ ಚುಚ್ಚಿದರು.

ಇಸಿಜಿ ಮಾಡಿ ಅಂದೆ. ಮೆಷಿನ್ ರೂಮಿನಲ್ಲಿ, ರೂಮಿಗೆ ಬೀಗ, ಬೀಗದ ಕೈ ಟೆಕ್ನಿಷಿಯನ್ ಹತ್ತಿರ, ಅವರು ಬರೋದು ಬೆಳಿಗ್ಗೆ ಒಂಬತ್ತಕ್ಕೆ. ಎದೆನೋವು ಆಫೀಸ್ ಟೈಮಲ್ಲೇ ಬರಬೇಕಿತ್ತು, ನಮ್ಮಪ್ಪನದೇ ತಪ್ಪು ಬಿಡಿ. ಆ ಬಾಗಿಲ ಮೇಲೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಪೋಸ್ಟರ್ ಅಂಟಿಸಿದ್ದಾರೆ. ಅಪ್ಪು ನಗುತ್ತಿದ್ದಾರೆ. 46ನೇ ವಯಸ್ಸಿಗೇ ಹೃದಯ ಕೈಕೊಟ್ಟು ಹೋದವರ ಮುಖ ನೋಡುತ್ತಾ ಮುಕ್ಕಾಲು ಗಂಟೆ ನಿಂತಿದ್ದೆ.

ಕೊನೆಗೆ, ಯಾವುದಕ್ಕೂ ಇರಲಿ ಅಂತ ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟರು. ಹತ್ತೇ ನಿಮಿಷ, ಅಪ್ಪನ ಕಣ್ಣು ಮೇಲಾದವು. ಬಿಪಿಯೇ ಸಿಗಲಿಲ್ಲ. ಆಗ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಮೆಷಿನ್ನನ್ನು ಮಂಚದ ಪಕ್ಕಕ್ಕೇ ಎಳೆದು ತಂದರು. ಎಡಗಡೆ ಆದ ಮೇಲೆ ಎದೆಯ ಬಲಗಡೆಗೂ ಇಸಿಜಿ ತೆಗೆದರು. ಎರಡೂ ಕೈಯಲ್ಲಿ ಬಿಪಿ ನೋಡಿದರು. ಯಾಕೆ ಸಾರ್ ಅಂದೆ. “ಎದೆನೋವಿನ ಜೊತೆ ಬಿಪಿ ಬಿದ್ದರೆ ಕಾರಣ ಒಂದೇ ಅಲ್ಲಮ್ಮ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಳಗೇ ಸೀಳಿರಬಹುದು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬಹುದು. ಹೃದಯದ ಸುತ್ತ ನೀರು ತುಂಬಿರಬಹುದು. ರಕ್ತನಾಳ ಸೀಳಿದವರಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು” ಅಂದರು. ಅಪ್ಪನದು ಹೃದಯದ ಕೆಳಭಾಗಕ್ಕೂ ಬಲಭಾಗಕ್ಕೂ ಆದ ಹಾರ್ಟ್ ಅಟ್ಯಾಕ್. ಅಂಥವರಿಗೆ ಸಾರ್ಬಿಟ್ರೇಟ್ ಕೊಟ್ಟರೆ ಬಿದ್ದ ಬಿಪಿ ಇನ್ನೂ ಕುಸಿಯುತ್ತದಂತೆ. ಡ್ರಿಪ್ ಹಾಕಿ ಬಿಪಿ ಎತ್ತಬೇಕಿತ್ತಂತೆ. ಒಂದು ಇಸಿಜಿ ಚೀಟಿ ಇದ್ದಿದ್ದರೆ ಮೂರು ಗಂಟೆಗೇ ಗೊತ್ತಾಗುತ್ತಿತ್ತು.

ಎದೆನೋವು ಅಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾ? ಹೃದಯ ಜ್ಯೋತಿಯ ಲೆಕ್ಕಾಚಾರವೇ ಅದು, ಅಲ್ವಾ? ತಾಲ್ಲೂಕಲ್ಲಿ ಇಸಿಜಿ, ಆನ್‌ಲೈನ್‌ನಲ್ಲಿ ತಜ್ಞರ ಉತ್ತರ, ಅಲ್ಲೇ ಪುಕ್ಕಟೆ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್. ಇಸಿಜಿ ಇಲ್ಲದೆ ಆ ಇಂಜೆಕ್ಷನ್ ಯಾರೂ ಮುಟ್ಟುವ ಹಾಗಿಲ್ಲ. ಅಂದರೆ ಇಡೀ ಯೋಜನೆ ಒಂದು ಬೀಗದ ಹಿಂದೆ ನಿದ್ದೆ ಮಾಡ್ತಿದೆ. ಆ ರಾತ್ರಿಯ ನರ್ಸಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರೊಬ್ಬರೇ ಇದ್ದರು, ಪಕ್ಕದಲ್ಲಿ ಹೆರಿಗೆ ಕೇಸ್ ಬೇರೆ.

ಅಪ್ಪ ಬದುಕಿದ್ದಾರೆ. ತೋಟಕ್ಕೆ ಹೋಗುವಾಗ ಮಧ್ಯ ಎರಡು ಸಲ ಕೂರುತ್ತಾರೆ. ಹೋದ ವಾರ ಮಾತ್ರೆ ತರೋಕೆ ಅದೇ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಆ ರೂಮಿಗೆ ಹೊಸ ಬೀಗ ಬಂದಿದೆ. ನನ್ನ ಮೂರು ಅರ್ಜಿಗೆ ಆದ ಕೆಲಸ ಅಷ್ಟೇ ಇರಬೇಕು.

ಬೀಗ ತೆಗೆಸಿ ಸಾರ್. ಮೆಷಿನ್ ಕ್ಯಾಶುವಾಲ್ಟಿಯಲ್ಲಿ ಮಂಚದ ಪಕ್ಕ ಇರಲಿ. ರಾತ್ರಿ ಡ್ಯೂಟಿಯವರಿಗೆಲ್ಲ ಇಸಿಜಿ ತೆಗೆಯೋದು ಕಲಿಸಿ. ಬೀಗ ಬೇಕೇ ಬೇಕು ಅನ್ನೋದಾದರೆ, ಬೀಗದ ಕೈಯನ್ನು ಅಲ್ಲೇ ಒಂದು ಮೊಳೆಗೆ ತೂಗುಹಾಕಿಸಿ. ಮೊಳೆ ನಾನೇ ತಂದುಕೊಡುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರರ ಮಗಳು